ತೋಳಿನಿಂದ ತೋಳಿಗೆ

ಕಡೂರಿನ ಸಂತೆಯಲ್ಲಿ ಒಂದು ತೆಂಗಿನಕಾಯಿಯನ್ನು ಬೆರಳಿನಿಂದ ಬಡಿದು ಕಿವಿಗಿಟ್ಟು ನೋಡುತ್ತಿದ್ದೆ. ಪಂಚನಹಳ್ಳಿಯಿಂದ ಗಾಡಿ ತಂದಿದ್ದ ಗೌಡ ನಕ್ಕ.

"ನಮ್ಮೂರ ದಾಕಿನ ರಾಯ್ರೂ ಹಿಂಗೇ ಕಾಯಿ ನೋಡೋರು ಸ್ವಾಮಿ. ಪಾಪ, ಹೋಗ್ಬಿಟ್ರು ಕಣ್ರೀ, ಹೋದ ತಿಂಗ್ಳು."

ಯಾರೆಂದು ನನಗೆ ಆ ಕ್ಷಣವೇ ತಿಳಿಯಿತು. ಆದರೂ "ಯಾವ ದಾಕಿನ ರಾಯರು?" ಎಂದು ಕೇಳಿದೆ. ನನ್ನ ಜಾಯಮಾನವೇ ಹಾಗೆ. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂಬಂತೆ ಕೇಳುವುದು, ಕೇಳಬೇಕಾದದ್ದನ್ನು ಕೇಳದೆ ಬಿಡುವುದು.

"ಮಕ್ಳಿಗೆ ದಾಕು ಹಾಕೋರು. ಪಿಂಚಣಿ ಆದ್ಮೇಲೆ ನಮ್ಮೂರಾಗೇ ಉಳ್ಕೊಂಡಿದ್ರು. ಹಿಂದಿಲ್ಲ, ಮುಂದಿಲ್ಲ."

"ಸಂಸ್ಕಾರ ಯಾರು ಮಾಡಿದರು?"

"ಯಾರ್ ಮಾಡ್ತಾರೆ? ಊರೋರೇ ಹೊತ್ಕೊಂಡ್ಹೋದ್ವಿ. ಅವ್ರ್ ಜಾತಿಯೋರು ಒಬ್ರೂ ಬರ್ಲಿಲ್ಲ. ನಮ್ಗೇನು, ನಮ್ ಮಕ್ಳ ತೋಳ್ ಹಿಡಿದಿದ್ದೋರು, ಹೆಗಲು ಕೊಟ್ವಿ."

ಎರಡು ಕಾಯಿ ಕೊಂಡೆ. ಅವನು ಕೇಳಿದಷ್ಟನ್ನೇ ಕೊಟ್ಟೆ. ನನ್ನನ್ನು ಬಲ್ಲವರಿಗೆ ಇದೊಂದು ಸಾಕು, ನನ್ನ ಮನಸ್ಸು ಅಂದು ನೆಟ್ಟಗಿರಲಿಲ್ಲವೆಂದು ತಿಳಿಯಲು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ಮತ್ತು ನಾನು ಒಟ್ಟಿಗಿದ್ದ ಊರಿನ ಹೆಸರನ್ನೂ ಹೇಳುವುದಿಲ್ಲ. ಅದು ಅಜ್ಜಂಪುರಕ್ಕೆ ಕೂಗಳತೆಯ ದೂರದಲ್ಲಿದೆ ಎಂದರೆ ಸಾಕು. ಅಲ್ಲಿಯವರು ಇನ್ನೂ ಇದ್ದಾರೆ, ಮಕ್ಕಳು ಮೊಮ್ಮಕ್ಕಳೊಂದಿಗೆ ಚೆನ್ನಾಗಿಯೇ ಇದ್ದಾರೆ. ಆ ಮಕ್ಕಳು ಚೆನ್ನಾಗಿರುವುದು ಯಾರಿಂದ ಎಂಬುದನ್ನು ನೆನಪಿಸಿದರೆ ಈಗಲೂ ಯಾರಿಗೂ ಹಿತವಾಗಲಾರದು.

ಆಗ ನಾನು ಆ ಊರಿನ ಪೋಸ್ಟ್ ಮಾಸ್ಟರ್. ಪೋಸ್ಟಾಫೀಸೆಂದರೆ ದೊಡ್ಡ ಕಟ್ಟಡವನ್ನು ಊಹಿಸಿಕೊಳ್ಳಬೇಡಿ. ಅಗ್ರಹಾರದ ನಮ್ಮ ಮನೆಯ ಮುಂಭಾಗದ ಒಂದು ಕೋಣೆ, ಒಂದು ಕಿಟಕಿ, ಕಿಟಕಿಯ ಹೊರಗೆ ಕಲ್ಲಿನ ಜಗಲಿ. ಕೋಣೆಯ ಗೋಡೆಗೆ ಹತ್ತಿಕೊಂಡೇ ನಮ್ಮ ತಾಯಿಯ ದೇವರ ಮನೆ. ಊರಿನಲ್ಲಿ ಮೂರು ಬೀದಿ. ನಮ್ಮ ಅಗ್ರಹಾರ, ಅಂಗಡಿ ಹೊಲಮನೆಗಳಿದ್ದ ಶೈವರ ಪೇಟೆ, ಇವೆರಡರಿಂದ ಒಂದು ಹಳ್ಳ ದಾಟಿದರೆ ಊರಾಚೆಯ ಕೇರಿ. ಮೂರಕ್ಕೂ ಒಂದೇ ದಿನ ಕಾಲಿಡುತ್ತಿದ್ದವರು ಇಬ್ಬರೇ. ಒಬ್ಬ ಟಪಾಲು ಹಂಚುವವನು. ಅವನು ಕೇರಿಯ ಕಾಗದವನ್ನು ಹಳ್ಳದ ಈಚೆ ನಿಂತು ಕೂಗಿ ಕರೆದು ನೆಲದ ಮೇಲಿಟ್ಟು ಬರುತ್ತಿದ್ದ. ಇನ್ನೊಬ್ಬರು ದಾಕಿನ ರಾಯರು. ಅವರು ಹಳ್ಳ ದಾಟುತ್ತಿದ್ದರು.

ಸಿಡುಬು ಬಾರದಿರಲೆಂದು ಮಕ್ಕಳ ತೋಳಿಗೆ ದಾಕು ಹಾಕುವುದು ಅವರ ಕೆಲಸ. ಮಹಾರಾಜರ ಸರ್ಕಾರ ಅದಕ್ಕಾಗಿಯೇ ಅವರನ್ನು ನೇಮಿಸಿತ್ತು. ತೆಳ್ಳಗಿನ ಆಳು, ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮವರೇ, ಸ್ಮಾರ್ತರು, ಸಂಧ್ಯಾವಂದನೆ ತಪ್ಪಿಸಿದವರಲ್ಲ. ಬಗಲಲ್ಲಿ ತಗಡಿನ ಪೆಟ್ಟಿಗೆ, ಕೈಯಲ್ಲಿ ಛತ್ರಿ. ಯಾರ ಮನೆಗೆ ಹೋದರೂ ಛತ್ರಿಯ ತುದಿಯಿಂದ ಹೊಸ್ತಿಲಿಗೆ ಮೂರು ಸಲ ಬಡಿಯುವರು. ಅಗ್ರಹಾರದ ಜೋಯಿಸರ ಮನೆಯಾದರೂ ಮೂರು, ಕೇರಿಯ ಗುಡಿಸಲಾದರೂ ಮೂರು. ಗುಡಿಸಲಿಗೆ ಬಾಗಿಲೇ ಇಲ್ಲದಿದ್ದರೆ ಗೋಡೆಯ ಪಕ್ಕದ ಕಲ್ಲಿಗೆ ಬಡಿಯುವರು. "ಅಲ್ಲಿ ಬಾಗಿಲೇ ಇಲ್ಲವಲ್ಲ, ಯಾಕೆ ಬಡಿಯುವುದು? ನಡೆದು ಹೋದರಾಯಿತು" ಎಂದು ನಾನೊಮ್ಮೆ ಹಾಸ್ಯ ಮಾಡಿದೆ.

"ಒಳಗೆ ಹೆಂಗಸರಿರ್ತಾರೆ ಪೋಸ್ಟ್ ಮಾಸ್ಟರೇ" ಎಂದರು. ಅಷ್ಟೇ. ಅವರು ಉಪದೇಶ ಮಾಡುವ ಜಾತಿಯವರಲ್ಲ. ಮಾಡಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಅವರನ್ನು ಸುಧಾರಕರೆಂದು ಕರೆದು ನಕ್ಕು ಬಿಡಬಹುದಿತ್ತು.

ಮಕ್ಕಳನ್ನು ಮಾತಾಡಿಸುವುದರಲ್ಲಿ ಅವರಂಥವರನ್ನು ನಾನು ಕಂಡಿಲ್ಲ. ಮಗುವಿನ ತೋಳು ಹಿಡಿದು "ನಿಮ್ಮನೆ ಹಸುವಿನ ಹೆಸರೇನು?" ಎನ್ನುವರು. ಮಗು ಹೇಳುವುದು. "ಅದರ ಕರುವಿನ ಹೆಸರೇನು?" ಮಗು ಯೋಚಿಸುವುದು. ಯೋಚಿಸುವಷ್ಟರಲ್ಲಿ ಸಣ್ಣ ಚಾಕು ತನ್ನ ಕೆಲಸ ಮುಗಿಸಿರುವುದು. ಅಳು ಬರುವ ಹೊತ್ತಿಗೆ ಅವರು ಚಾಕುವನ್ನು ದೀಪದ ಕುಡಿಗೆ ಹಿಡಿದು ಸುಡುತ್ತ, "ಕರುವಿಗೆ ಹೆಸರಿಡದೆ ಬಿಟ್ಟಿದ್ದೀರಲ್ಲಮ್ಮ, ತಪ್ಪಲ್ಲವೇ?" ಎಂದು ತಾಯಿಯನ್ನು ಗದರುವರು. ಕೇರಿಯ ಮಕ್ಕಳ ಮನೆಯಲ್ಲಿ ಹಸು ಇರುತ್ತಿರಲಿಲ್ಲ. ಅಲ್ಲಿ ಕೋಳಿಯ ಹೆಸರು ಕೇಳುತ್ತಿದ್ದರಂತೆ. ಸಂಜೆ ನಮ್ಮ ಜಗಲಿಗೆ ಬಂದು ಕುಳಿತು, ನನಗಿಂತ ಮೊದಲೇ ನನ್ನ ವೃತ್ತಪತ್ರಿಕೆಯನ್ನು ಬಿಡಿಸಿ, ಆ ಕೋಳಿಗಳ ಹೆಸರನ್ನು ಒಂದೊಂದಾಗಿ ಹೇಳಿ ನಗುತ್ತಿದ್ದರು. ಒಂದು ಕೋಳಿಗೆ, ಕಂದಾಯ ವಸೂಲಿಗೆ ಬರುತ್ತಿದ್ದ ಅಧಿಕಾರಿಯ ನೆನಪಿಗೆ, ಶೇಕ್‌ದಾರ ಎಂದು ಹೆಸರಿಟ್ಟಿದ್ದರಂತೆ.

ಅವರನ್ನು ಕಂಡರೆ ಊರಿಗೆ ಪ್ರೀತಿಯಿತ್ತೇ? ಇರಲಿಲ್ಲ. ದಾಕು ಹಾಕಿಸಿದರೆ ಸಿಡುಬಿನ ಅಮ್ಮನಿಗೆ ಸಿಟ್ಟು ಬರುತ್ತದೆ ಎಂಬ ನಂಬಿಕೆ ಮೂರು ಬೀದಿಯಲ್ಲೂ ಇತ್ತು. ಮೇಲಾಗಿ ಬೆಂಗಳೂರಿನಿಂದ ಗಾಜಿನ ಕೊಳವೆಗಳಲ್ಲಿ ಬರುತ್ತಿದ್ದ ಮದ್ದು ಕರುವಿನ ಮೈಮೇಲೆ ಎಬ್ಬಿಸಿದ ಗುಳ್ಳೆಯಿಂದ ತೆಗೆದದ್ದು. ಗೋವಿನದಾದ್ದರಿಂದ ಶುದ್ಧ ಎಂದು ಜೋಯಿಸರು, ಕೀವಾದ್ದರಿಂದ ಹೊಲಸು ಎಂದು ನಮ್ಮ ತಾಯಿ. ಇಬ್ಬರೂ ತಮ್ಮ ಮನೆಯ ಮಕ್ಕಳನ್ನು ಮಾತ್ರ ಹಿತ್ತಲಿಗೆ ಕಳಿಸಿ, "ಮಕ್ಕಳು ಊರಲ್ಲಿಲ್ಲ ರಾಯರೇ" ಎನ್ನುತ್ತಿದ್ದರು. ಅವರು ಸರಿ ಎಂದು ಮುಂದಿನ ಮನೆಗೆ ಹೋಗುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿಯೂ ಹಾಗೆಯೇ ಆಯಿತು. ಒಂದು ಶುಕ್ರವಾರ ಅವರು ಮೂರು ಬೀದಿಯನ್ನೂ ಸುತ್ತಿದರು. ಅಗ್ರಹಾರದಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ, ಪೇಟೆಯಲ್ಲೂ ಇಲ್ಲ. ಕೇರಿಯಲ್ಲಿ ಮಾತ್ರ ನಾಲ್ಕು ಮಕ್ಕಳಿಗೆ ದಾಕು ಹಾಕಿ, ತಂದಿದ್ದ ಕೊಳವೆಗಳನ್ನು ಅಲ್ಲಿಯೇ ಮುಗಿಸಿ ಬಂದರು. ಭಾನುವಾರ ಪೇಟೆಯ ಬಟ್ಟೆ ಅಂಗಡಿಯ ಯಜಮಾನರ ಮನೆಗೆ ಬಂದಿದ್ದ ಭಾವಮೈದುನನಿಗೆ ಸಿಡುಬು ಕಾಣಿಸಿತು. ಮಂಗಳವಾರ ಆತ ತೀರಿಕೊಂಡ. ಪಕ್ಕದ ಮನೆಯ ಮಗುವಿಗೂ ಜ್ವರ. ಆಮೇಲೆ ಕೇಳಬೇಕೇ! ಬಾಗಿಲು ಮುಚ್ಚಿದ್ದವರೆಲ್ಲ ದಾಕಿನ ರಾಯರ ಮನೆಯ ಮುಂದೆ ನಿಂತರು. ಜೋಯಿಸರೂ ನಿಂತರು. ನಾನೂ ನಿಂತೆ. ನನ್ನ ಮಗಳಿಗೆ ಆಗ ಎರಡು ವರ್ಷ.

ರಾಯರು ಭಾನುವಾರವೇ ಹೊಸ ಕೊಳವೆಗಳಿಗಾಗಿ ಬೆಂಗಳೂರಿಗೆ ತಂತಿ ಕೊಟ್ಟಾಗಿತ್ತು. ಅಷ್ಟರಲ್ಲಿ ಅಂತರಘಟ್ಟೆಯ ಕಡೆಯ ಹಳ್ಳಿಯೊಂದರಲ್ಲೂ ಸಿಡುಬೆಂದು ಕರೆ ಬಂತು. ಹೊರಡುವ ಮುನ್ನ ಕಿಟಕಿಗೆ ಬಂದು ನನಗೆ ಬಿಡಿಸಿ ಹೇಳಿದರು:

"ಪೆಟ್ಟಿಗೆ ಬುಧವಾರ ಬರಬಹುದು. ಒಳಗೆ ತಣ್ಣಗಿರೋ ಕಡೆ ಇಡಿ. ನೀರಿನ ಹೂಜಿ ಪಕ್ಕ ಆದ್ರೆ ಇನ್ನೂ ಒಳ್ಳೇದು. ಬಿಸಿ ತಾಗಿದ್ರೆ ಕೆಟ್ಟು ಹೋಗುತ್ತೆ. ನಾನು ಶುಕ್ರವಾರ ಬಂದ್ಬಿಡ್ತೀನಿ."

ಪೆಟ್ಟಿಗೆ ಬುಧವಾರವೇ ಬಂತು. ಬಟ್ಟೆ ಸುತ್ತಿ ಹೊಲಿದು, ಕೆಂಪು ಅರಗಿನ ಮುದ್ರೆ ಒತ್ತಿದ ಸಣ್ಣ ಪೆಟ್ಟಿಗೆ. ಒಳಗೆ ಒಯ್ದು ಹೂಜಿಯ ಪಕ್ಕ ಇಟ್ಟೆ. ನಮ್ಮ ತಾಯಿ ನೋಡಿದರು.

"ಏನೋ ಅದು?"

ಹೇಳಿದೆ.

"ಕುಡಿಯೋ ನೀರಿನ ಪಕ್ಕ ಕೀವು ತಂದಿಡ್ತೀಯೇನೋ? ಗೋಡೆ ಆಚೆ ದೇವರಿದೆ. ಮಡಿ ಮೈಲಿಗೆ ಏನೂ ಬೇಡವೇ ನಿಂಗೆ?"

"ಅಮ್ಮ, ಮಗೂಗೆ ಹಾಕೋದು ಅದನ್ನೇ."

"ಹಾಕುವಾಗ ಹಾಕಲಿ. ಈಗ ಆಚೆ ಇಡು."

ಆಚೆ ಇಟ್ಟೆ. ಜಗಲಿಯ ಮೇಲೆ ಇಟ್ಟೆ. ಬೆಳಿಗ್ಗೆ ಅಲ್ಲಿ ನೆರಳಿರುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಪಡುವಣ ಬಿಸಿಲು ನೇರ ಬಡಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ದಿನಾ ಆ ಕಿಟಕಿಯಲ್ಲೇ ಕೂರುವವನು ನಾನು. ಮಧ್ಯೆ ಒಮ್ಮೆ ಒಳಗೆ ತರೋಣವೆಂದು ಎದ್ದೆ, ತಾಯಿ ಹೂ ಕಟ್ಟುತ್ತ ನಡುಮನೆಯಲ್ಲಿ ಕುಳಿತಿದ್ದರು, ಮತ್ತೆ ಕುಳಿತೆ. ಎರಡು ಮಧ್ಯಾಹ್ನ ಪೆಟ್ಟಿಗೆ ಬಿಸಿಲಲ್ಲೇ ಇತ್ತು.

ಗುರುವಾರ ಸಂಜೆಯೇ ಅವರು ಬಂದುಬಿಟ್ಟರು. ಅಷ್ಟರಲ್ಲಿ ನಾನು ಪೆಟ್ಟಿಗೆಯನ್ನು ಮೇಜಿನ ಮೇಲಕ್ಕೆ ತಂದಿದ್ದೆ. ಹೊಲಿಗೆ ಬಿಚ್ಚಿ, ಒಂದು ಕೊಳವೆಯನ್ನು ಬೆಳಕಿಗೆ ಹಿಡಿದರು. ಇನ್ನೊಂದು. ಮತ್ತೊಂದು. ಮುರಿದು ಮೂಸಿದರು.

"ಎಲ್ಲಿಟ್ಟಿದ್ರಿ?"

"ಒಳಗೇ."

ಕಿಟಕಿಯಾಚೆ ಜಗಲಿಯ ಕಲ್ಲಿನ ಮೇಲೆ ಕರಗಿ ಹರಿದು ಗಟ್ಟಿಯಾದ ಕೆಂಪು ಅರಗು ಕಾಸಿನಗಲಕ್ಕೆ ಅಂಟಿತ್ತು. ಅವರು ಅದನ್ನು ನೋಡಿದರು. ನಾನು ಅವರು ನೋಡುವುದನ್ನು ನೋಡಿದೆ. ಕೊಳವೆಗಳನ್ನು ಪೆಟ್ಟಿಗೆಗೆ ತುಂಬಿ ಎದ್ದು ಹೋದರು. ಬೆಂಗಳೂರಿನಿಂದ ಬೇರೆ ಕೊಳವೆ ಬರಲು ಇನ್ನೂ ಮೂರು ನಾಲ್ಕು ದಿನವಾದರೂ ಬೇಕಿತ್ತು. ಪೇಟೆಯಲ್ಲಿ ಅಂದು ಎರಡನೆಯ ಸಾವು.

ಬೆಂಗಳೂರಿನ ಕೊಳವೆಗಳು ಬರುವುದಕ್ಕೆ ಮೊದಲು ಬೇರೊಂದು ಕ್ರಮವಿತ್ತು. ದಾಕು ಹಾಕಿದ ಎಂಟನೆಯ ದಿನ ಮಗುವಿನ ತೋಳಿನಲ್ಲಿ ಗುಳ್ಳೆ ತುಂಬಿ ನಿಲ್ಲುತ್ತದೆ. ಅದರ ನೀರು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬಹುದು. ತೋಳಿನಿಂದ ತೋಳಿಗೆ. ಹಳೆಯ ಕಾಲದ ದಾಕಿನವರೆಲ್ಲ ಹಾಗೆಯೇ ಮಾಡುತ್ತಿದ್ದರು. ಶುಕ್ರವಾರಕ್ಕೆ ಎಂಟನೆಯ ದಿನ. ಊರಿನಲ್ಲಿ ಎಂಟನೆಯ ದಿನದ ತೋಳುಗಳಿದ್ದದ್ದು ಕೇರಿಯಲ್ಲಿ ಮಾತ್ರ.

ಮುಂದೆ ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದರು, ಎಷ್ಟೋ ದಿನದ ಮೇಲೆ. ಹೀಗೆ ನೀರು ತೆಗೆಸಿದರೆ ತಮ್ಮ ಮಗುವಿನ ರಕ್ಷೆ ಹೊರಟುಹೋಗುತ್ತದೆ ಎಂದು ತಾಯಂದಿರಿಗೆ ಭಯ. ಮೂವರು ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ಹೊಲಕ್ಕೆ ಹೋಗಿಬಿಟ್ಟರಂತೆ. ದುರುಗಿ ಎಂಬ ಹುಡುಗಿಯ ತಾಯಿ ಮಾತ್ರ ನಿಂತಳು.

"ಯಾರ್ ಮಕ್ಳಿಗೆ, ಬುದ್ಧಿ?" ಎಂದಳಂತೆ.

"ಅಗ್ರಹಾರ, ಪೇಟೆ, ಎರಡೂ ಕಡೆ."

ಅವಳು ಮಗಳ ತೋಳನ್ನು ಮುಂದೆ ಚಾಚಿದಳು. "ತಗಳಿ. ಆದ್ರೆ ಯಾರಾದ್ರೂ ಕೇಳುದ್ರೆ ನಮ್ ದುರುಗೀದು ಅಂತ ಯೋಳ್ಬೇಕು. ಕದ್ದು ತಗಂಡೋದಂಗೆ ಆಗ್ಬಾರ್ದು. ಅಷ್ಟೇಯ."

ರಾಯರು ಆಗಲಿ ಎಂದರು. ನೀರನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ತೆಗೆದುಕೊಂಡು, ಒದ್ದೆ ಬಟ್ಟೆ ಸುತ್ತಿ, ಹಳ್ಳ ದಾಟಿ ಈಚೆ ಬಂದರು.

ಮೊದಲು ಬಂದದ್ದು ನಮ್ಮ ಮನೆಗೆ. ಹೊಸ್ತಿಲಿಗೆ ಮೂರು ಸಲ ಬಡಿದರು. ನನ್ನ ಹೆಂಡತಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಳು. ಕೊಳವೆಗಳು ಕೆಟ್ಟದ್ದು ನನಗೆ ಗೊತ್ತಿತ್ತು. ಬೇರೆ ಬಂದಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ಅವರ ಕೈಯಲ್ಲಿದ್ದ ಗಾಜಿನ ಬಿಲ್ಲೆಯನ್ನೂ ಕಂಡೆ. ಆದರೂ ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂದೇ ಕೇಳಲಿಲ್ಲ. ಹೇಳಿದರೆ ನಮ್ಮ ತಾಯಿಯ ಎದುರಿಗೆ ಬೇಡ ಎನ್ನಬೇಕಾಗುತ್ತಿತ್ತು. ನನಗೆ ಮಗಳು ಬೇಕಾಗಿದ್ದಳು. "ನಿಮ್ಮನೆ ಹಸುವಿನ ಹೆಸರೇನಮ್ಮ?" ಎಂದು ಅವರು ಕೇಳಿದರು, ಮಗಳು "ಗೌಲಿ" ಎಂದಳು, ಮುಗಿಯಿತು.

ಅಂದು ಹನ್ನೊಂದು ಮಕ್ಕಳಿಗೆ ಹಾಕಿದರು. ಹನ್ನೊಂದನೆಯ ಮನೆ ಜೋಯಿಸರದು. ಅವರ ಸೊಸೆ ಚುರುಕಿನ ಹೆಣ್ಣು. "ಇವತ್ತು ಕೊಳವೆ ಇಲ್ಲವೇ ರಾಯರೇ? ಇದು ಯಾವ ಕರುವಿನದು?" ಎಂದಳು.

"ಕರುವಿನದಲ್ಲಮ್ಮ. ಕೇರಿಯ ದುರುಗಿಯ ತೋಳಿನದು."

ಚಾಕು ಆಗಲೇ ತನ್ನ ಕೆಲಸ ಮುಗಿಸಿತ್ತು.

ಮೊದಲೇ ಹೇಳದೆ ಹಾಕಿದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ಅವರೂ ತಮ್ಮನ್ನು ಅದನ್ನೇ ಕೇಳಿಕೊಳ್ಳುತ್ತಿದ್ದರು. "ಅಷ್ಟು ಮಾತ್ರ ನನ್ನ ತಪ್ಪು ಪೋಸ್ಟ್ ಮಾಸ್ಟರೇ. ಕೇಳೋವರೆಗೂ ಕಾಯಬಾರದಾಗಿತ್ತು" ಎಂದು ಒಮ್ಮೆ ಅಂದರು. ನನಗೆ ಹಾಗನ್ನಿಸುವುದಿಲ್ಲ. ಮೊದಲೇ ಹೇಳಿದ್ದರೆ ಹನ್ನೊಂದು ಬಾಗಿಲೂ ಮುಚ್ಚುತ್ತಿದ್ದವು, ಒಳಗೆ ಮಕ್ಕಳು ದಾಕಿಲ್ಲದೆ ಇರುತ್ತಿದ್ದರು.

ಹನ್ನೊಂದು ಮಕ್ಕಳೂ ಉಳಿದವು. ಒಂದಕ್ಕೂ ಸಿಡುಬು ಬರಲಿಲ್ಲ. ದುರುಗಿಗೂ ಬರಲಿಲ್ಲ. ಆದರೆ ಊರಿಗೆ ಬೇಕಾದ ಸುದ್ದಿ ಅದಾಗಿರಲಿಲ್ಲ.

ಜೋಯಿಸರ ಜಗಲಿಯ ಮೇಲೆ ಸಭೆ ಸೇರಿತು. ಪೇಟೆಯ ಯಜಮಾನರೂ ಬಂದು ಕಟ್ಟೆಯ ಆಚೆ ಕುಳಿತರು. ಮಕ್ಕಳ ಮೈಯೊಳಗೆ ಹೋದದ್ದನ್ನು ಹೊರಗೆ ತೆಗೆಯುವ ವಿಧಾನ ಯಾವ ಗ್ರಂಥದಲ್ಲೂ ಇರಲಿಲ್ಲ. ಆದ್ದರಿಂದ ಮಕ್ಕಳಿಗೆ ಪಂಚಗವ್ಯ ಕುಡಿಸುವುದೆಂದಾಯಿತು. ನನ್ನ ಮಗಳು ಅದನ್ನು ನನ್ನ ಪಂಚೆಯ ಮೇಲೇ ಉಗುಳಿದಳು. ಇನ್ನು ರಾಯರದೇನು?

ಜೋಯಿಸರು ಕೆಟ್ಟ ಮನುಷ್ಯರಲ್ಲ. ಮೊಮ್ಮಗ ಉಳಿದನಲ್ಲ ಎಂಬ ಸಂತೋಷ ಅವರ ಮುಖದಲ್ಲೇ ಕಾಣುತ್ತಿತ್ತು. ಅವರು ದಾರಿಯನ್ನು ಹುಡುಕಿಯೇ ಬಂದಿದ್ದರು.

"ರಾಯರೇ, ಬೆಂಗಳೂರಿನ ಕೊಳವೇಲಿ ಸ್ವಲ್ಪ ಉಳಿದಿತ್ತು, ಅದನ್ನೇ ಹಾಕಿದ್ದು, ಸೊಸೆಯ ಹತ್ರ ಏನೋ ಹಾಸ್ಯಕ್ಕೆ ಅಂದೆ ಅಂತ ಒಂದು ಮಾತು ಹೇಳಿಬಿಡಿ. ನೀವೂ ಒಂದು ಲೋಟ ಪಂಚಗವ್ಯ ತೊಗೊಳ್ಳಿ. ನಾಳೆಯಿಂದ ಎಲ್ಲಾ ಮಾಮೂಲು."

ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ರಾಯರು ಛತ್ರಿಯ ಹಿಡಿಯನ್ನು ನೋಡುತ್ತ ಹೇಳಿದರು:

"ಹಾಗೆ ಹೇಳೋಕಾಗೋಲ್ಲ. ಕೇಳಿದರೆ ದುರುಗಿಯದು ಅಂತ ಹೇಳ್ತೀನಿ ಅಂತ ಆ ತಾಯಿಗೆ ಮಾತು ಕೊಟ್ಟಿದ್ದೀನಿ."

"ಕೇರಿಯವಳಿಗೆ ಕೊಟ್ಟದ್ದೂ ಒಂದು ಮಾತೇನ್ರೀ?"

"ಅವಳು ಕೊಟ್ಟದ್ದು ನಿಮ್ಮ ಮೊಮ್ಮಗನ ತೋಳಲ್ಲಿದೆ ಜೋಯಿಸರೇ" ಎಂದರು ರಾಯರು. ಒರಟಾಗಿ ಹೇಳಲಿಲ್ಲ. ಇಂಥ ಮನೆ ಇಂಥ ಬೀದಿಯಲ್ಲಿದೆ ಎಂದು ದಾರಿ ಹೇಳುವವರ ಹಾಗೆ ಹೇಳಿದರು.

ಬಟ್ಟೆ ಅಂಗಡಿಯ ಯಜಮಾನರು ಆಗ ಆಡಿದ ಮಾತು ನನಗೆ ಇನ್ನೂ ನೆನಪಿದೆ. "ಏನಪ್ಪಾ ಅಂದ್ರೆ, ನೀವು ಅಯ್ನೋರು ಒಪ್ಕೊಂಡಿದ್ರೆ ನಮ್ದೇನೂ ತಕರಾರಿರ್ಲಿಲ್ಲ ಕಣ್ರೀ. ನಮ್ ಹುಡುಗ್ರೂ ಉಳ್ಕೊಂಡವೆ. ನೀವು ಒಪ್ದೆ ನಾವು ಒಪ್ಕೊಂಡ್ರೆ, ನಾವು ನಿಮ್ಗಿಂತ ಕೀಳು ಅಂದಂಗಾಯ್ತದೆ. ಅದುಕ್ಕೆ ನಾವೂ ಒಪ್ಪಕಿಲ್ಲ."

ಯಾರೋ ಕೇಳಿದರು: "ಅಲ್ಲ, ಬೆಂಗಳೂರಿಂದ ಬಂದದ್ದು ಯಾಕೆ ಕೆಟ್ಟಿತು?"

ರಾಯರ ಬಾಯಿಂದ ನನ್ನ ಹೆಸರು ಬಂದಿದ್ದರೆ ಆ ದಿನದ ಸಿಟ್ಟಿನಲ್ಲಿ ಅರ್ಧ ನನ್ನ ತಲೆಯ ಮೇಲೆ ಬರುತ್ತಿತ್ತು. ಅವರ ಹೊರೆ ಹಗುರಾಗುತ್ತಿತ್ತು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಬಿಸಿಲು" ಎಂದರು. "ಬೇಸಿಗೆಯಲ್ಲವೇ?"

ನಾನು ಎದ್ದು ನಿಲ್ಲಬಹುದಾಗಿತ್ತು. ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟವನು ನಾನು ಎನ್ನಬಹುದಾಗಿತ್ತು. ಗಾಜಿನ ಬಿಲ್ಲೆ ಕಂಡೂ ಮಗಳ ತೋಳು ಕೊಟ್ಟವನು ನಾನು ಎನ್ನಬಹುದಾಗಿತ್ತು. ಏನೂ ಅನ್ನಲಿಲ್ಲ. ಸಭೆ ಮುಗಿಯಿತು. ಅವರಿಗೆ ಬಹಿಷ್ಕಾರವಾಯಿತು.

ಬಹಿಷ್ಕಾರವೆಂದರೆ ಕಲ್ಲು ಹೊಡೆಯುವುದಲ್ಲ. ಅದು ಬಹಳ ಸೌಮ್ಯವಾದದ್ದು. ಅಗ್ರಹಾರದ ಬಾವಿಯ ಹಗ್ಗ ಅವರು ಹೋದಾಗ ಇರುತ್ತಿರಲಿಲ್ಲ. ಮನೆಯೊಡೆಯರಿಗೆ ಇದ್ದಕ್ಕಿದ್ದಂತೆ ಮನೆ ಬೇಕಾಯಿತು. ಪುರೋಹಿತರಿಗೆ ಆ ದಾರಿಯಲ್ಲಿ ಕೆಲಸ ಬೀಳಲಿಲ್ಲ. ಎದುರಿಗೆ ಸಿಕ್ಕರೆ ಜನ ನಮಸ್ಕಾರ ಮಾಡುತ್ತಿದ್ದರು, ನಿಲ್ಲುತ್ತಿರಲಿಲ್ಲ. ಅವರು ಊರ ಹೊರಗೆ ಅಜ್ಜಂಪುರದ ರಸ್ತೆಗೆ ಹತ್ತಿದ ಹಳೆಯ ಸುಂಕದ ಮನೆಗೆ ಹೋದರು. ಯಾವ ಕಾಲಕ್ಕೋ ಸುಂಕ ನಿಂತು ಪಾಳು ಬಿದ್ದಿದ್ದ ಒಂಟಿ ಕೋಣೆ. ಅಗ್ರಹಾರದಿಂದಲೂ ದೂರ, ಕೇರಿಯಿಂದಲೂ ದೂರ. ಹಳ್ಳದಲ್ಲಿ ಒರತೆ ತೋಡಿ ನೀರು ತರುತ್ತಿದ್ದರು.

ಕೇರಿಯಾದರೂ ಅವರನ್ನು ಸೇರಿಸಿಕೊಂಡಿತೇ ಎಂದರೆ ಅದೂ ಇಲ್ಲ. ಬಾಯಾರಿ ಒಮ್ಮೆ ಅಲ್ಲಿ ನೀರು ಕೇಳಿದರಂತೆ. ದುರುಗಿಯ ತಾಯಿ ಕೈಮುಗಿದಳಂತೆ. "ಬ್ಯಾಡಿ ಬುದ್ಧಿ. ನಮ್ ಕೈ ನೀರು ಕುಡುದ್ರೆ ನಿಮ್ಗೂ ಪಾಪ, ನಮ್ಗೂ ಪಾಪ. ಈಗಾಗಿರೋದೇ ಸಾಕು." ಆ ಸುಗ್ಗಿಯಲ್ಲಿ ಅವಳ ಗಂಡನನ್ನು ಯಾರೂ ಕಣಕ್ಕೆ ಕರೆಯಲಿಲ್ಲ. ರಾಯರು ತರೀಕೆರೆಗೆ ಹೋಗಿ ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಕೊಟ್ಟು ಬಂದರು. ಕೂಲಿಗೆ ಇಂಥವನನ್ನೇ ಕರೆಯಿರೆಂದು ಯಾರಿಗೆ ಹುಕುಂ ಮಾಡಲಾಗುತ್ತದೆ? ಆ ಸಂಸಾರ ಗಂಟುಮೂಟೆ ಕಟ್ಟಿ ಘಟ್ಟದ ಕಾಫಿ ತೋಟಗಳ ಕಡೆ ಹೊರಟುಹೋಯಿತು. ಅವರು ಹೋಗುವಾಗ ರಾಯರು ರಸ್ತೆಯವರೆಗೆ ಬಂದು ನಿಂತಿದ್ದರಂತೆ. ಇದನ್ನು ನನಗೆ ಹೇಳಿದವನು ಟಪಾಲು ಗಾಡಿಯವನು. "ಅಯ್ನೋರು ಅಳ್ತಿದ್ರು ಸ್ವಾಮಿ" ಎಂದ. ನಾನು ಅವನ ಟಪಾಲು ಚೀಲಕ್ಕೆ ಮುದ್ರೆ ಒತ್ತಿದೆ.

ಆಮೇಲೂ ಅವರು ಕಿಟಕಿಗೆ ಬರುತ್ತಿದ್ದರು. ಸರ್ಕಾರಿ ಟಪಾಲು ಕೊಡುವುದನ್ನು ಯಾವ ಬಹಿಷ್ಕಾರವೂ ತಡೆಯಲಾರದು. ಆದರೆ ಜಗಲಿಯ ಮೇಲೆ ಕೂರುತ್ತಿರಲಿಲ್ಲ, ಪತ್ರಿಕೆ ಬಿಡಿಸುತ್ತಿರಲಿಲ್ಲ. ನಿಂತೇ ಎರಡು ಮಾತಾಡಿ ಹೋಗುವರು. ದುರುಗಿಯ ತಾಯಿಯ ಮಾತನ್ನು ಅವರು ನನಗೆ ಹೇಳಿದ್ದು ಹೀಗೆ ಕಿಟಕಿಯ ಆಚೆ ನಿಂತು, ನಾಲ್ಕಾರು ದಿನ, ಚೂರು ಚೂರಾಗಿ. ಪತ್ರಿಕೆ ಈಗ ಮಡಿಕೆ ಕೆಡದೆ ನನ್ನ ಕೈಗೇ ಮೊದಲು ಬರುತ್ತಿತ್ತು. ನನಗೆ ಅದನ್ನು ಓದಲು ಮನಸ್ಸಾಗುತ್ತಿರಲಿಲ್ಲ.

ಮಾಘದಲ್ಲಿ ಅವರಿಗೆ ಕಡೂರಿನ ಕಡೆಗೆ ವರ್ಗವಾಯಿತು. ಮತ್ತೆ ನಾನು ಅವರನ್ನು ನೋಡಲಿಲ್ಲ. ನಾನೂ ಮುಂದೆ ಕಡೂರಿಗೇ ಬಂದೆ. ಪಂಚನಹಳ್ಳಿ ಇಲ್ಲಿಂದ ಗಾಡಿಯ ದಾರಿ. ಹೋಗಬೇಕು ಹೋಗಬೇಕು ಎಂದುಕೊಂಡೇ ಇಷ್ಟು ವರ್ಷ ಕಳೆದೆ. ವರ್ಗವಾಗುವ ಮುಂಚೆ, ಪುಷ್ಯದಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟನ್ನೂ ಬರೆದೆನೋ ಏನೋ.

ಒಂದು ದಿನ ಕಿಟಕಿಗೆ ಬಂದು ರಾಯರು ಎಂದಿಗಿಂತ ಹೆಚ್ಚು ಹೊತ್ತು ನಿಂತರು.

"ಬರೋ ಗುರುವಾರ ನಮ್ಮ ತಾಯಿಯ ತಿಥಿ" ಎಂದರು. "ಪುರೋಹಿತರು ಬರೋಲ್ಲ, ಅದು ಗೊತ್ತು. ಮಂತ್ರ ನನಗೇ ಬರುತ್ತೆ. ಎಲೆಗೆ ಕೂರೋಕೆ ಒಬ್ಬರಾದ್ರೂ ಬೇಕಲ್ಲ. ನೀವು ಬಂದ್ರೆ..."

ಶ್ರಾದ್ಧದಲ್ಲಿ ಬ್ರಾಹ್ಮಣರು ಬಂದು ಕೂತು ಉಣ್ಣಬೇಕು. ಅವರು ಉಂಡದ್ದು ಸತ್ತವರಿಗೆ ಸೇರುತ್ತದೆ ಎಂದು ನಮ್ಮ ನಂಬಿಕೆ. ಯಾರೂ ಕೂರದಿದ್ದರೆ ತಾಯಿ ಹಸಿದು ಹಿಂದಿರುಗುತ್ತಾಳೆ. ಆ ಮನುಷ್ಯ ಇಡೀ ವರ್ಷದಲ್ಲಿ ನನ್ನನ್ನು ಕೇಳಿದ್ದು ಇದೊಂದನ್ನೇ.

"ಟಪಾಲು ಹೊರಡೋ ಹೊತ್ತು..." ಎಂದೆ.

"ಟಪಾಲು ಹೊರಟ ಮೇಲೇ ಎಲೆ ಹಾಕ್ತೀನಿ."

"ನೋಡೋಣ."

"ನೋಡಿ" ಎಂದು ಹೋದರು.

ಗುರುವಾರ ಟಪಾಲು ಹೊರಟಿತು. ಊಟ ಮಾಡಿರಲಿಲ್ಲ. ಶ್ರಾದ್ಧಕ್ಕೆ ಕೂರುವವನು ಬೆಳಗಿನಿಂದ ಉಪವಾಸವಿರಬೇಕು. ಹೊಟ್ಟೆ ಸರಿಯಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದ್ದೆ. ಅಂದರೆ ಹೋಗಬೇಕೆಂದು ನನ್ನ ಮನಸ್ಸಿನಲ್ಲಿ ನಿಜವಾಗಿಯೂ ಇತ್ತು. ಸುಂಕದ ಮನೆಯವರೆಗೆ ನಡೆದೆ. ಬಾಗಿಲು ತೆರೆದೇ ಇತ್ತು. ರಸ್ತೆಯ ಆಚೆ ಬದಿಯ ಹೊಂಗೆಮರದ ಕೆಳಗೆ ನಿಂತೆ.

ಒಳಗೆ ಎರಡು ಎಲೆ ಹಾಕಿತ್ತು. ಎಲೆಯ ಹಿಂದೆ ಎರಡು ಮಣೆ. ಮಣೆಯ ಮೇಲೆ ಮನುಷ್ಯರಿರಬೇಕಾದಲ್ಲಿ ದರ್ಭೆಯ ಎರಡು ಕಟ್ಟು. ಯಾರೂ ಸಿಗದಿದ್ದರೆ ಹೀಗೆ ದರ್ಭೆಯನ್ನೇ ಕೂರಿಸಬಹುದು ಎಂದು ಶಾಸ್ತ್ರದಲ್ಲಿದೆ. ಕಾಡಿನಲ್ಲಿ ಸಿಕ್ಕಿಬಿದ್ದವರಿಗೆ, ದೇಶಾಂತರ ಹೋದವರಿಗೆ ಮಾಡಿದ ಅನುಕೂಲ. ರಾಯರು ಒದ್ದೆ ಪಂಚೆಯುಟ್ಟು ಬಡಿಸುತ್ತಿದ್ದರು. ದರ್ಭೆಗೆ ಪಾಯಸ ಬಡಿಸಿದರು. ದರ್ಭೆಗೆ ವಡೆ ಬಡಿಸಿದರು. ತುಪ್ಪ ಹಾಕುವಾಗ ಸ್ವಲ್ಪ ಬಾಗಿ, ಇನ್ನಷ್ಟು ಹಾಕಲೇ ಎಂಬಂತೆ ಒಂದು ಗಳಿಗೆ ನಿಂತರು.

ಊಟವಾದ ಮೇಲೆ ಕರ್ತೃ ಕೈಮುಗಿದು "ತೃಪ್ತರಾದಿರಾ?" ಎಂದು ಕೇಳಬೇಕು. ಉಂಡವರು "ತೃಪ್ತರಾದೆವು" ಎನ್ನಬೇಕು. ಆ ಮಾತು ಬಂದರೇ ಶ್ರಾದ್ಧ ಕೈಗೂಡಿದಂತೆ. ರಾಯರು ಕೈಮುಗಿದು ಕೇಳಿದರು. ಸುಮ್ಮನೆ ನಿಂತರು. ಅಲ್ಲಿಂದ ನನಗೆ ಹತ್ತು ಹೆಜ್ಜೆ. ಆಮೇಲೆ ತಾವೇ, ತಗ್ಗಿದ ಬೇರೆ ದನಿಯಲ್ಲಿ, "ತೃಪ್ತರಾದೆವು" ಎಂದರು.

ನಾನು ಕಣ್ಣೊರೆಸಿಕೊಳ್ಳುತ್ತಿರುವಾಗ ಅವರು ಕಾಗೆಗೆ ಪಿಂಡ ಇಡಲು ಹೊರಗೆ ಬಂದರು. ನನ್ನನ್ನು ಕಂಡರು. ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಅದರಲ್ಲಿ ಒಂದಿಷ್ಟೂ ಆಕ್ಷೇಪಣೆ ಇರಲಿಲ್ಲ.

"ತಡವಾಗಲಿಲ್ಲ ಬನ್ನಿ. ನನ್ನ ಊಟ ಇನ್ನೂ ಆಗಿಲ್ಲ. ಪಕ್ಕದಲ್ಲಿ ಇನ್ನೊಂದು ಎಲೆ ಹಾಕ್ತೀನಿ. ಕಾಲು ತೊಳ್ಕೊಳ್ಳಿ" ಎಂದು ಚೊಂಬನ್ನು ಮುಂದೆ ಚಾಚಿದರು.

ನಾನು ಅಗ್ರಹಾರದ ಕಡೆ ನೋಡಿದೆ. ಅಜ್ಜಂಪುರದ ಕಡೆ ನೋಡಿದೆ. ಮಧ್ಯಾಹ್ನದ ಆ ರಸ್ತೆಯಲ್ಲಿ ಎರಡು ಕಡೆಯೂ ಒಂದು ಗಾಡಿಯಿರಲಿಲ್ಲ, ಒಂದು ದನ ಕಾಯುವ ಹುಡುಗನಿರಲಿಲ್ಲ. ನನ್ನನ್ನು ನೋಡುವವರು ಯಾರೂ ಇರಲಿಲ್ಲ.

"ಮನೇಲಿ ಕಾಯ್ತಿರ್ತಾರೆ ರಾಯರೇ" ಎಂದೆ.